ವೇಗವರ್ಧಕದ ಉದ್ದಕ್ಕೂ ಒಂದೇ ಸಮಯ: ತಾಮ್ರವೋ, ಈಥರ್‌ನೆಟ್ಟೋ, ಲೇಸರೋ?

ಕಣ ವೇಗವರ್ಧಕದ ಎಲ್ಲ ಭಾಗಗಳಿಗೂ ಒಂದೇ ಸಮಯ ಹಂಚುವ ಟೈಮಿಂಗ್ ವ್ಯವಸ್ಥೆಗೆ ಕೊಟೇಶನ್ ತರಿಸುವ ಮೊದಲು ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಯಾವ ಎರಡು ಜಾಗಗಳ ನಡುವೆ ಸಮಯ ಹೊಂದಬೇಕು? ಹೊಂದಿದ್ದು ಎಷ್ಟು ಹೊತ್ತು ಹಾಗೇ ಉಳಿಯಬೇಕು? ಹೊಂದದಿದ್ದರೆ ಮೊದಲು ಕೆಡುವುದು ಯಾವುದು? ಈ ಮೂರಕ್ಕೆ ಉತ್ತರವಿಲ್ಲದೆ «ನಮಗೆ 10 ಫೆಮ್ಟೊಸೆಕೆಂಡ್ ಬೇಕು» ಎಂದರೆ ಏನೂ ಹೇಳಿದಂತಾಗುವುದಿಲ್ಲ. ಒಂದು ಸೆಕೆಂಡಿನೊಳಗಿನ ನಡುಕ 10 ಫೆಮ್ಟೊಸೆಕೆಂಡ್ ಇರುವುದೇ ಬೇರೆ. ಹಗಲು ಕಳೆದು ರಾತ್ರಿಯಾದಾಗ ಸರಿದ ದೂರ 10 ಫೆಮ್ಟೊಸೆಕೆಂಡ್ ಮೀರದಿರುವುದೇ ಬೇರೆ. ಮೊದಲನೆಯದು ಜಿಟ್ಟರ್, ಎರಡನೆಯದು ಡ್ರಿಫ್ಟ್. ಬಹುತೇಕ ವ್ಯವಸ್ಥೆಗಳನ್ನು ಸೋಲಿಸುವುದು ಎರಡನೆಯದೇ.

ಅಳತೆಗಳು ಮೊದಲು ಕೈಗೆ ಸಿಗಲಿ. ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು ಪಿಕೊಸೆಕೆಂಡ್, ಅದರ ಸಾವಿರದ ಒಂದು ಪಾಲು ಫೆಮ್ಟೊಸೆಕೆಂಡ್. ಒಂದು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಕ್ರಮಿಸುವುದು 0.3 ಮೈಕ್ರಾನ್. 1.3 ಗಿಗಾಹರ್ಟ್ಸ್‌ನ ಸೂಪರ್‌ಕಂಡಕ್ಟಿಂಗ್ ಕ್ಯಾವಿಟಿಯಲ್ಲಿ (ಕಣಗಳನ್ನು ವೇಗಕ್ಕೇರಿಸುವ ಕೋಶ) ಒಂದು ಡಿಗ್ರಿ ಫೇಸ್, ಅಲೆಯ ಒಂದು ಆವರ್ತದ 360ನೇ ಒಂದು ಪಾಲು, ಅಂದರೆ 2.14 ಪಿಕೊಸೆಕೆಂಡ್. ಹಾಗಾಗಿ 0.01 ಡಿಗ್ರಿ ಸ್ಥಿರತೆ ಕೇಳಿದರೆ ಕೇಳಿದ್ದು 21 ಫೆಮ್ಟೊಸೆಕೆಂಡ್. 2.856 ಗಿಗಾಹರ್ಟ್ಸ್‌ನಲ್ಲಿ ಒಂದು ಡಿಗ್ರಿ 0.97 ಪಿಕೊಸೆಕೆಂಡಿಗೆ ಇಳಿಯುತ್ತದೆ. ಇನ್ನು ಗಾಜಿನ ಫೈಬರ್. ಒಂದು ಕಿಲೋಮೀಟರ್ ದಾಟಲು ಬೆಳಕಿಗೆ ಸುಮಾರು 4.9 ಮೈಕ್ರೋಸೆಕೆಂಡ್ ಬೇಕು, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಆ ಸಮಯ ದಶಲಕ್ಷದಲ್ಲಿ ಏಳು ಪಾಲು ಬದಲಾಗುತ್ತದೆ. ಗುಣಿಸಿದರೆ ಕಿಲೋಮೀಟರಿಗೆ, ಡಿಗ್ರಿಗೆ 34 ಪಿಕೊಸೆಕೆಂಡ್. ಎಲೆಕ್ಟ್ರಾನ್‌ಗಳಿಂದ ಎಕ್ಸ್‌ರೇ ಲೇಸರ್ ಬೆಳಕು ಹುಟ್ಟಿಸುವ, ಹ್ಯಾಂಬರ್ಗ್ ಬಳಿಯ ಯುರೋಪಿಯನ್ ಎಕ್ಸ್‌ಫೆಲ್‌ನಂತೆ 3.4 ಕಿಲೋಮೀಟರ್ ಉದ್ದದ ಯಂತ್ರದಲ್ಲಿ ಒಂದೇ ಡಿಗ್ರಿಗೆ 115 ಪಿಕೊಸೆಕೆಂಡಿಗೂ ಹೆಚ್ಚು. ಸುರಂಗದ ತಾಪಮಾನವನ್ನೇ ಹಿಡಿದಿಟ್ಟು 10 ಫೆಮ್ಟೊಸೆಕೆಂಡ್ ಸಾಧಿಸುತ್ತೇವೆ ಎನ್ನುವವರು ಡಿಗ್ರಿಯ ಹತ್ತು ಸಾವಿರದ ಒಂದು ಪಾಲನ್ನು ಕಾಯಬೇಕಾಗುತ್ತದೆ. ಅದು ಆಗದ ಮಾತು. ಉದ್ದವನ್ನು ಅಳೆಯುತ್ತ, ಸರಿಪಡಿಸುತ್ತ ಹೋಗುವುದೊಂದೇ ದಾರಿ. ಆ ಅಳತೆಯನ್ನು ಯಾವುದರಿಂದ ಮಾಡುತ್ತೀರಿ ಎನ್ನುವುದರಲ್ಲೇ ಆಯ್ಕೆಗಳ ನಡುವಿನ ನಿಜವಾದ ವ್ಯತ್ಯಾಸ ಇದೆ.

ತಾಮ್ರದ ಕೋಆಕ್ಸಿಯಲ್ ಲೈನ್

ಹಳೆಯದು ಅಂತ ಇದನ್ನು ತಳ್ಳಿಹಾಕಬೇಡಿ. ನೂರಿನ್ನೂರು ಮೀಟರ್ ಒಳಗೆ, ಕ್ಯಾವಿಟಿಗಳನ್ನು ನಡೆಸುವ ಆರ್‌ಎಫ್ (ರೇಡಿಯೋ ಆವರ್ತನ) ಸಿಗ್ನಲ್ ಆರ್‌ಎಫ್ ಆಗಿಯೇ ಬೇಕಾದ ಕಡೆ, ಇದಕ್ಕಿಂತ ಸರಳವಾದದ್ದಿಲ್ಲ. ಬೆಳಕಿಗೆ ಬದಲಿಸಿ ಮತ್ತೆ ಬೆಳಕಿನಿಂದ ತೆಗೆಯುವ ಗೊಡವೆ ಇಲ್ಲ, ವಿಕಿರಣಕ್ಕೆ ತಾಮ್ರ ಮಸುಕಾಗುವುದಿಲ್ಲ, ಸೇರಿಸುವ ನಾಯ್ಸ್ ಕೂಡ ತೀರಾ ಕಡಿಮೆ. ತೊಡಕು ಶುರುವಾಗುವುದು ಉದ್ದದಲ್ಲಿ. 7/8 ಇಂಚಿನ ಫೋಮ್ ಕೇಬಲ್ 1.3 ಗಿಗಾಹರ್ಟ್ಸ್‌ನಲ್ಲಿ ನೂರು ಮೀಟರಿಗೆ ಸುಮಾರು 5 ಡೆಸಿಬಲ್ ನುಂಗುತ್ತದೆ. ಒಂದು ಕಿಲೋಮೀಟರ್ ಎಳೆದರೆ 50 ಡೆಸಿಬಲ್, ಅಂದರೆ ಆ ತುದಿಗೆ ತಲುಪುವುದು ಲಕ್ಷದಲ್ಲಿ ಒಂದು ಪಾಲು. ನಡುವೆ ಆಂಪ್ಲಿಫೈಯರ್ ಕೂರಿಸಿದರೆ ಅದರ ಡ್ರಿಫ್ಟ್ ಬೇರೆ ಸೇರುತ್ತದೆ.

ಕೇಬಲ್ ಆಯ್ಕೆಯಲ್ಲಿ ಹಲವರು ಎಡವುವ ಜಾಗ ಒಂದಿದೆ. ಟೆಫ್ಲಾನ್, ಅಂದರೆ ಪಿಟಿಎಫ್‌ಇ, ಒಳಪದರವಾಗಿರುವ ಕೇಬಲ್‌ಗಳಲ್ಲಿ 19 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆ ವಸ್ತುವಿನ ಹರಳಿನ ರಚನೆಯೇ ಬದಲಾಗುತ್ತದೆ. ಫೇಸ್ ಅಲ್ಲಿ ಒಮ್ಮೆಲೇ ಕಡಿದಾಗಿ ಜಾರುತ್ತದೆ. ರ‍್ಯಾಕ್ ಕೋಣೆಯನ್ನು 20 ಡಿಗ್ರಿಗೆ ಇಟ್ಟರೆ ಎಸಿ ಆನ್ ಆಫ್ ಆದಂತೆಲ್ಲ ಕೇಬಲ್ ಆ ಇಳಿಜಾರಿನ ಅಂಚಿನಲ್ಲೇ ಓಲಾಡುತ್ತಿರುತ್ತದೆ. ಕೋಣೆಯನ್ನು 24-25 ಡಿಗ್ರಿಗೆ ಏರಿಸಿ, ಇಲ್ಲವೇ ಸಿಲಿಕಾ ಅಥವಾ ಪಾಲಿಎಥಿಲೀನ್ ಫೋಮ್ ಒಳಪದರದ ಕೇಬಲ್ ತನ್ನಿ.

ಇನ್ನೂ ಸ್ವಲ್ಪ ಉದ್ದ ಬೇಕಿದ್ದರೆ ಫೇಸ್ ಸರಾಸರಿಯ ಲೈನ್ ಒಳ್ಳೆಯದು. ಆ ತುದಿಯಲ್ಲಿ ಸಿಗ್ನಲ್ಲನ್ನು ಪೂರ್ತಿ ಹಿಂದಕ್ಕೆ ಪ್ರತಿಫಲಿಸಿ, ಲೈನಿನಿಂದ ಸಿಗ್ನಲ್ ತೆಗೆಯುವ ಪ್ರತಿಯೊಂದು ಟ್ಯಾಪ್‌ನಲ್ಲಿ ಹೋಗುವ ಫೇಸನ್ನೂ ಬರುವ ಫೇಸನ್ನೂ ಅಳೆದು ಸರಾಸರಿ ತೆಗೆಯುತ್ತಾರೆ. ಟ್ಯಾಪ್ ಎಲ್ಲೇ ಇರಲಿ, ಸರಾಸರಿ ಲೈನಿನ ಪೂರ್ತಿ ಉದ್ದಕ್ಕೆ ಸಮ. ಹಾಗಾಗಿ ಕಾಯಬೇಕಾದದ್ದು ಒಂದೇ ಅಂಕಿ. ಇಲ್ಲಿ ಕೈಕೊಡುವುದು ಡೈರೆಕ್ಷನಲ್ ಕಪ್ಲರ್‌ನ ಡೈರೆಕ್ಟಿವಿಟಿ, ಅಂದರೆ ಹೋಗುವ ಸಿಗ್ನಲ್ಲನ್ನು ಬರುವುದರಿಂದ ಬೇರ್ಪಡಿಸುವ ಅದರ ಸಾಮರ್ಥ್ಯ. ಅದು 30 ಡೆಸಿಬಲ್ ಮಾತ್ರವಿದ್ದರೆ ಎದುರು ದಿಕ್ಕಿನ ಸಿಗ್ನಲ್ ಸೋರಿ ಫೇಸನ್ನು 1.8 ಡಿಗ್ರಿವರೆಗೂ ತಿರುಗಿಸಬಲ್ಲದು. ಸ್ಥಿರವಾದ ತಪ್ಪಾದರೆ ಕಳೆದುಬಿಡಬಹುದು. ಆದರೆ ಲೈನಿನ ಉದ್ದ ಬದಲಾದ ಹಾಗೆ ಅದೂ ಬದಲಾಗುತ್ತದಲ್ಲ, ತಲೆನೋವು ಅದೇ.

ಈವೆಂಟ್ ಸಿಸ್ಟಮ್ ಮತ್ತು ವೈಟ್ ರ‍್ಯಾಬಿಟ್

ಇವನ್ನು ಲೇಸರ್ ಲಿಂಕ್‌ಗಳ ಜತೆ ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಅದು ಸರಿಯಲ್ಲ. ಈ ವ್ಯವಸ್ಥೆಗಳು ಉತ್ತರಿಸುವ ಪ್ರಶ್ನೆ «ಈಗ ಯಾವ ಬಂಚ್ (ಕಣಗಳ ಗುಂಪು), ಯಾವ ಕ್ಷಣಕ್ಕೆ ಏನು ಮಾಡಬೇಕು, ಈ ಅಳತೆ ಯಾವ ಹೊತ್ತಿನದು» ಎನ್ನುವುದು. ಬಂಚನ್ನು ದಾರಿಯಿಂದ ಪಕ್ಕಕ್ಕೆ ತಳ್ಳುವ ಕಿಕ್ಕರ್ ಮ್ಯಾಗ್ನೆಟ್ ಹೊಡೆಯಲು, ಡಿಜಿಟೈಸರ್ ಎಚ್ಚರಿಸಲು, ದತ್ತಾಂಶಕ್ಕೆ ಸಮಯದ ಮುದ್ರೆ ಒತ್ತಲು ಇವು ಬೇಕೇ ಬೇಕು. ಮುಂದೆ ಎಷ್ಟೇ ಸೂಕ್ಷ್ಮವಾದ ಲೇಸರ್ ವ್ಯವಸ್ಥೆ ತಂದರೂ ಈ ಪದರವನ್ನು ಬಿಡಲಾಗದು.

ಈವೆಂಟ್ ಸಿಸ್ಟಮ್‌ನಲ್ಲಿ ಮಾಸ್ಟರ್ ಕಾರ್ಡು ಪ್ರತಿ ಕ್ಲಾಕ್ ಆವರ್ತಕ್ಕೂ ಎಂಟು ಬಿಟ್‌ನ ಈವೆಂಟ್ ಸಂಕೇತ ಮತ್ತು ಅದರ ಜತೆಗೆ ಇನ್ನೊಂದು ಎಂಟು ಬಿಟ್‌ನ ಮಾಹಿತಿ ಕಳಿಸುತ್ತದೆ. 125 ಮೆಗಾಹರ್ಟ್ಸ್ ಕ್ಲಾಕ್ ಆದರೆ ಎಂಟು ಬಿಟ್ಟನ್ನು ಹತ್ತಾಗಿ ಕಳಿಸುವ 8ಬಿ/10ಬಿ ಸಂಕೇತೀಕರಣ ಸೇರಿ ಫೈಬರ್ ಮೇಲೆ 2.5 ಗಿಗಾಬಿಟ್. ಕ್ಲಾಕನ್ನು ನೇರವಾಗಿ ಆರ್‌ಎಫ್‌ನಿಂದ ಭಾಗಿಸಿ ತೆಗೆಯುವುದರಿಂದ ಬಂಚಿನ ಜತೆ ಸಹಜವಾಗಿ ಹೆಜ್ಜೆ ಹಾಕುತ್ತದೆ. ಎಪಿಕ್ಸ್ ನಿಯಂತ್ರಣ ತಂತ್ರಾಂಶ ಇರುವ ಲ್ಯಾಬ್‌ಗಳಲ್ಲಿ ಇದಕ್ಕೆ ಡ್ರೈವರ್‌ಗಳು ಸಿದ್ಧವಾಗಿರುತ್ತವೆ. ಒಂದೇ ಯಂತ್ರ, ಒಂದೇ ಆರ್‌ಎಫ್ ಮೂಲ, ಮರದ ಕೊಂಬೆಗಳಂತೆ ಕವಲೊಡೆಯುವ ಹಂಚಿಕೆ ನಿಮ್ಮದಾದರೆ ಹಿಂಜರಿಯದೆ ಇದನ್ನೇ ಹಿಡಿಯಿರಿ.

ವೈಟ್ ರ‍್ಯಾಬಿಟ್ ಹುಟ್ಟಿದ್ದು ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ. ಅದರ ತಿರುಳು ಜಾಲದ ಮೇಲೆ ಗಡಿಯಾರಗಳನ್ನು ಹೊಂದಿಸುವ ಐಇಇಇ 1588 ಮಾನದಂಡದ 2019ರ ಆವೃತ್ತಿಯಲ್ಲಿ ಹೈ ಅಕ್ಯುರಸಿ ಪ್ರೊಫೈಲ್ ಆಗಿ ಸೇರಿದೆ. ಗಿಗಾಬಿಟ್ ಈಥರ್‌ನೆಟ್ ಮೇಲೆಯೇ ಓಡುತ್ತದೆ, ಒಂದೇ ಫೈಬರ್ ಎಳೆಯಲ್ಲಿ 1310 ಮತ್ತು 1490 ನ್ಯಾನೋಮೀಟರ್‌ಗಳ ಬೆಳಕು ಎದುರುಬದುರಾಗಿ ಹೋಗುತ್ತದೆ. ಹೋಗಿ ಬರುವ ಸಮಯವನ್ನು ಅಳೆದು, ಕ್ಲಾಕ್ ಫೇಸನ್ನು ಡಿಜಿಟಲ್ ಬೀಟ್ ವಿಧಾನದಿಂದ ಪಿಕೊಸೆಕೆಂಡ್ ಮಟ್ಟಕ್ಕೆ ಓದಿ, ಸಾವಿರಾರು ನೋಡ್‌ಗಳನ್ನು ಒಂದು ನ್ಯಾನೋಸೆಕೆಂಡಿಗಿಂತ ಹತ್ತಿರ ತರುತ್ತದೆ. ಸರ್ನ್‌ನ ಎಸ್‌ಪಿಎಸ್ ಯಂತ್ರದ ಆರ್‌ಎಫ್ ನಿಯಂತ್ರಣ ಕೂಡ ಈಗ ಇದರ ಮೇಲೇ ನಿಂತಿದೆ. ಬೇರೆ ಬೇರೆ ಆವರ್ತನಗಳ ಹಲವು ಯಂತ್ರಗಳಿರುವ ಕ್ಯಾಂಪಸ್ಸಿಗೆ ಇದು ಒಗ್ಗುತ್ತದೆ, ಏಕೆಂದರೆ ಎಲ್ಲೆಡೆ ಹೋಗುವುದು ಯಾವುದೋ ಒಂದು ಯಂತ್ರದ ಆರ್‌ಎಫ್ ಅಲ್ಲ, ಎಲ್ಲರಿಗೂ ಹೊಂದುವ ಸಮಯ.

ಆದರೆ ಎರಡು ತರಂಗಾಂತರಗಳು ಗಾಜಿನಲ್ಲಿ ಒಂದೇ ವೇಗದಲ್ಲಿ ಓಡುವುದಿಲ್ಲ. ಸಾಮಾನ್ಯ ಸಿಂಗಲ್ ಮೋಡ್ ಫೈಬರಿನಲ್ಲಿ ವ್ಯತ್ಯಾಸ ಸುಮಾರು 0.00027 ಪಾಲು. ಕಿಲೋಮೀಟರಿಗೆ 1.3 ನ್ಯಾನೋಸೆಕೆಂಡ್, ಕ್ಯಾಲಿಬ್ರೇಟ್ ಮಾಡದಿದ್ದರೆ ಅದರ ಅರ್ಧ ನೇರವಾಗಿ ಗಡಿಯಾರದ ತಪ್ಪಾಗುತ್ತದೆ. ಫೈಬರನ್ನು ಉಪಕರಣಕ್ಕೆ ಜೋಡಿಸುವ ಎಸ್‌ಎಫ್‌ಪಿ ಮಾಡ್ಯೂಲ್ ಕೆಟ್ಟಿತೆಂದು ಡ್ರಾಯರ್‌ನಲ್ಲಿದ್ದ ಇನ್ನೊಂದು ಕಂಪನಿಯದನ್ನು ಚುಚ್ಚಿದರೆ ಲಿಂಕ್ ಹಸಿರು ದೀಪ ತೋರಿಸುತ್ತದೆ, ಸಮಯ ಮಾತ್ರ ಮೆಲ್ಲಗೆ ಬೇರೆಯಾಗಿರುತ್ತದೆ. ಬಿಡಿ ಮಾಡ್ಯೂಲ್‌ಗಳನ್ನು ಖರೀದಿಯ ದಿನವೇ ಅಳೆದು, ಮೌಲ್ಯವನ್ನು ಅದರ ಮೇಲೇ ಅಂಟಿಸಿಡಿ.

ನಿರಂತರ ಲೇಸರ್, ಇಂಟರ್‌ಫೆರೋಮೀಟರ್ ಲಿಂಕ್

ಪಿಕೊಸೆಕೆಂಡಿನಿಂದ ಫೆಮ್ಟೊಸೆಕೆಂಡಿಗೆ ಇಳಿಯುವ ಬಾಗಿಲು ಇಲ್ಲಿ ತೆರೆಯುತ್ತದೆ. ಆರ್‌ಎಫ್ ಸಿಗ್ನಲ್ಲನ್ನು ನಿರಂತರ ಲೇಸರಿನ ಮೇಲೆ ಮಾಡ್ಯುಲೇಟ್ ಮಾಡಿ ಫೈಬರಿನಲ್ಲಿ ಕಳಿಸುತ್ತಾರೆ. ಆ ತುದಿಯಿಂದ ಸ್ವಲ್ಪ ಬೆಳಕು ಹಿಂದಿರುಗುತ್ತದೆ. ಅದನ್ನು ಮೂಲದ ಬೆಳಕಿನೊಡನೆ ಬೆರೆಸಿದರೆ ಫೈಬರಿನ ಉದ್ದ ಬದಲಾದದ್ದು ಬೆಳಕಿನ ತರಂಗದ ಲೆಕ್ಕದಲ್ಲೇ ಕಾಣುತ್ತದೆ. 1550 ನ್ಯಾನೋಮೀಟರ್ ಬೆಳಕಿನ ಒಂದು ಆವರ್ತ ಸುಮಾರು 5.2 ಫೆಮ್ಟೊಸೆಕೆಂಡ್. ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲು ಎಲ್ಲಿ ಸಿಗಬೇಕು! ಬರ್ಕ್ಲಿ ಲ್ಯಾಬ್‌ನಲ್ಲಿ ರೂಪುಗೊಂಡ ಈ ಪದ್ಧತಿ 2009ರಲ್ಲಿ ಪ್ರಕಟವಾದ ಅಳತೆಯಲ್ಲಿ 2.2 ಕಿಲೋಮೀಟರ್ ಫೈಬರಿನ ಮೇಲೆ 60 ಗಂಟೆ ಕಾಲ 20 ಫೆಮ್ಟೊಸೆಕೆಂಡಿಗಿಂತ ಕಡಿಮೆ ಸರಿದಿತ್ತು. ಸ್ಟ್ಯಾನ್‌ಫರ್ಡ್ ಬಳಿಯ ಎಕ್ಸ್‌ರೇ ಲೇಸರ್ ಯಂತ್ರ ಎಲ್‌ಸಿಎಲ್‌ಎಸ್ ಇದನ್ನು ಬಳಸಿಕೊಂಡಿತು.

ಇದರ ಅನುಕೂಲ ನಿಜಕ್ಕೂ ದೊಡ್ಡದು. ಡಿಸ್ಪರ್ಷನ್ (ತರಂಗಾಂತರಕ್ಕೊಂದು ವೇಗ ಇರುವುದರಿಂದ ಪಲ್ಸ್ ಹರಡುವುದು) ಸರಿದೂಗಿಸುವ ವಿಶೇಷ ಫೈಬರ್ ಬೇಡ, ಈಗಾಗಲೇ ಡಕ್ಟ್‌ನಲ್ಲಿರುವ ದೂರಸಂಪರ್ಕದ ಫೈಬರ್ ಸಾಕು. ತಿದ್ದುಪಡಿಯನ್ನು ಫೈಬರ್ ಎಳೆದು ಮಾಡಬೇಕೆಂದಿಲ್ಲ, ರಿಸೀವರಿನ ಡಿಜಿಟಲ್ ಲೆಕ್ಕದಲ್ಲೇ ಫೇಸ್ ತಿರುಗಿಸಬಹುದು. ಆರ್‌ಎಫ್ ಸ್ಟೇಷನ್‌ಗಳು ಸಾಲಾಗಿ ನಿಂತಿರುವ ಲಿನಾಕ್‌ಗೆ (ನೇರ ಸಾಲಿನ ವೇಗವರ್ಧಕ) ನಮ್ಮ ಮೊದಲ ಶಿಫಾರಸು ಇದೇ.

ಎಚ್ಚರ ಬೇಕಾದ ಕಡೆಗಳು ಮೂರು. ಲೇಸರಿನ ಆವರ್ತನವೇ ಇಲ್ಲಿ ಅಳತೆಗೋಲು. ಒಂದು ಕಿಲೋಮೀಟರನ್ನು ಒಂದು ಫೆಮ್ಟೊಸೆಕೆಂಡಿಗೆ ಅಳೆಯಬೇಕಾದರೆ ಆ ಆವರ್ತನ ಐನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಅಲುಗಬಹುದು. ಅದಕ್ಕಾಗಿಯೇ ಲೇಸರನ್ನು ರುಬಿಡಿಯಂ ಪರಮಾಣುವಿನ ಹೀರಿಕೆ ರೇಖೆಗೆ ಕಟ್ಟಿಹಾಕುತ್ತಾರೆ. ಎರಡನೆಯದಾಗಿ, ಇಂಟರ್‌ಫೆರೋಮೀಟರ್ ಅಳೆಯುವುದು ಬೆಳಕಿನ ಫೇಸ್ ವಿಳಂಬ, ಆರ್‌ಎಫ್ ಹೋಗುವುದು ಗುಂಪಿನ ವೇಗದಲ್ಲಿ. ಎರಡೂ ತಾಪಮಾನಕ್ಕೆ ಒಂದೇ ರೀತಿ ಬದಲಾಗವು, ಶೇಕಡಾ ಒಂದೆರಡರಷ್ಟು ತಿದ್ದು ಅಂಕ ಸೇರಿಸಬೇಕು. 115 ಪಿಕೊಸೆಕೆಂಡ್ ಸರಿದಾಗ ಶೇಕಡಾ ಒಂದು ಅಂದರೂ ಒಂದು ಪಿಕೊಸೆಕೆಂಡಿಗಿಂತ ಜಾಸ್ತಿ! ಇನ್ನು ಇದು ಆವರ್ತಗಳನ್ನು ಎಣಿಸುವ ಯಂತ್ರ: ಕರೆಂಟ್ ಹೋಗಿ ಬಂದರೆ ಎಣಿಕೆ ಕಳೆದುಹೋಗುತ್ತದೆ, ಶೂನ್ಯವನ್ನು ಬೀಮಿನ ಸಹಾಯದಿಂದ ಮತ್ತೆ ಹುಡುಕಬೇಕು. ಇಂಟರ್‌ಫೆರೋಮೀಟರ್ ಬೇಡವೆಂದು ಹಿಂದಿರುಗಿದ ಆರ್‌ಎಫ್ ಫೇಸನ್ನೇ ಅಳೆಯುವ ಸರಳ ಲಿಂಕ್‌ಗಳೂ ಇವೆ. ಅವಕ್ಕೆ ಕೊನೆಯ ಎರಡು ಕಾಟ ಇಲ್ಲ, ಆದರೆ ಸೂಕ್ಷ್ಮತೆ ಅಷ್ಟರಮಟ್ಟಿಗೆ ಕಡಿಮೆ.

ಪಲ್ಸ್ ಲೇಸರ್, ಕ್ರಾಸ್ ಕೋರಿಲೇಟರ್ ಲಿಂಕ್

ಯಂತ್ರದ ಪ್ರಯೋಗದ ತುದಿಯಲ್ಲಿ ಒಂದು ಪಂಪ್-ಪ್ರೋಬ್ ಲೇಸರ್ (ಒಂದು ಪಲ್ಸಿನಿಂದ ಮಾದರಿಯನ್ನು ಕೆದಕಿ ಇನ್ನೊಂದರಿಂದ ನೋಡುವ ಪ್ರಯೋಗದ್ದು) ಇದೆ, ಎಕ್ಸ್‌ರೇ ಪಲ್ಸಿನ ಜತೆ ಅದು ಕೆಲವೇ ಫೆಮ್ಟೊಸೆಕೆಂಡ್ ಅಂತರದಲ್ಲಿ ಬರಬೇಕು ಎಂದಾದರೆ ಬೇರೆ ಮಾತಿಲ್ಲ, ಇಲ್ಲಿಗೇ ಬರಬೇಕು. ಮೋಡ್ ಲಾಕ್ ಆದ ಒಂದು ಮುಖ್ಯ ಲೇಸರ್ ಆಂದೋಲಕದಿಂದ ನೂರಿನ್ನೂರು ಫೆಮ್ಟೊಸೆಕೆಂಡ್ ಅಗಲದ ಪಲ್ಸ್‌ಗಳು ಹೊರಡುತ್ತವೆ. ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯದ ಫ್ಲ್ಯಾಶ್ ಯಂತ್ರ ಮತ್ತು ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ಅದರ ಗತಿ 216.7 ಮೆಗಾಹರ್ಟ್ಸ್, ಅಂದರೆ 1.3 ಗಿಗಾಹರ್ಟ್ಸ್‌ನ ಆರನೇ ಒಂದು ಪಾಲು. ಪಲ್ಸ್ ಆ ತುದಿಗೆ ಹೋಗಿ, ಭಾಗಶಃ ಪ್ರತಿಫಲಿಸಿ ಹಿಂದಿರುಗಿ, ಆಗಷ್ಟೇ ಹೊರಟ ಹೊಸ ಪಲ್ಸಿನೊಡನೆ ಒಂದು ಪಿಪಿಕೆಟಿಪಿ ಹರಳಿನಲ್ಲಿ ಭೇಟಿಯಾಗುತ್ತದೆ. ಎರಡೂ ಹರಳಿನೊಳಗೆ ಒಂದರ ಮೇಲೊಂದು ಬಿದ್ದಷ್ಟು ಹೊತ್ತು 775 ನ್ಯಾನೋಮೀಟರಿನ ಬೆಳಕು ಹುಟ್ಟುತ್ತದೆ. ಹರಳನ್ನು ಎರಡು ಸಲ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ, ದಾಟಿಸಿ ಎರಡು ಸಿಗ್ನಲ್‌ಗಳನ್ನು ಒಂದರಿಂದೊಂದು ಕಳೆಯುತ್ತಾರೆ. ಸಮಯ ಸರಿ ಹೊಂದಿದಾಗ ಉತ್ತರ ಸೊನ್ನೆ. ಲೇಸರಿನ ಬಲ ಏರಿಳಿದರೂ ಆ ಸೊನ್ನೆ ಇದ್ದಲ್ಲೇ ಇರುತ್ತದೆ. ಈ ವಿಧಾನದ ಪೂರ್ತಿ ಚೆಲುವು ಈ ಒಂದು ಸೊನ್ನೆಯಲ್ಲಿದೆ: ನಡುವೆ ಫೋಟೋಡಯೋಡಿನ ವೇಗವಾಗಲಿ, ಆರ್‌ಎಫ್ ಮಿಕ್ಸರಿನ ಡ್ರಿಫ್ಟ್ ಆಗಲಿ ತಲೆಹಾಕುವುದಿಲ್ಲ, ಬೆಳಕನ್ನು ಬೆಳಕೇ ಅಳೆಯುತ್ತದೆ. 2015ರಲ್ಲಿ ಫ್ಲ್ಯಾಶ್‌ನಲ್ಲಿ ಎಕ್ಸ್‌ರೇ ಪಲ್ಸ್ ಮತ್ತು ಲೇಸರ್ ನಡುವೆ 30 ಫೆಮ್ಟೊಸೆಕೆಂಡಿಗಿಂತ ಕಡಿಮೆ ಜಿಟ್ಟರ್ ತೋರಿಸಿದ್ದು ಇಂಥ ವ್ಯವಸ್ಥೆಯೇ.

ಇನ್ನೊಂದು ಲಾಭವಿದೆ. ಅದೇ ಪಲ್ಸನ್ನು ಬಂಚ್ ಬರುವ ಸಮಯ ಅಳೆಯುವ ಮಾನಿಟರಿಗೂ ಬಳಸಬಹುದು. ಎಲೆಕ್ಟ್ರಾನ್ ಬಂಚ್ ಪಿಕಪ್‌ನಲ್ಲಿ ಎಬ್ಬಿಸಿದ ವೋಲ್ಟೇಜು ಎಲೆಕ್ಟ್ರೋ-ಆಪ್ಟಿಕ್ ಮಾಡ್ಯುಲೇಟರಿನ ಮೂಲಕ ಲೇಸರ್ ಪಲ್ಸಿನ ಎತ್ತರವನ್ನು ಬದಲಿಸುತ್ತದೆ. ಎತ್ತರ ಓದಿದರೆ ಸಮಯ ಸಿಕ್ಕಿತು.

ಕೊಡಬೇಕಾದ ಬೆಲೆಯೂ ಕಡಿಮೆಯಿಲ್ಲ. 100 ಫೆಮ್ಟೊಸೆಕೆಂಡಿನ ಪಲ್ಸಿಗೆ ಸುಮಾರು 35 ನ್ಯಾನೋಮೀಟರ್ ಅಗಲದ ವರ್ಣಪಟಲ ಇರುತ್ತದೆ. ಸಾಮಾನ್ಯ ಫೈಬರಿನಲ್ಲಿ ಡಿಸ್ಪರ್ಷನ್ ಕಿಲೋಮೀಟರಿಗೆ, ನ್ಯಾನೋಮೀಟರಿಗೆ 17 ಪಿಕೊಸೆಕೆಂಡ್, ಅಂದರೆ ಒಂದೇ ಕಿಲೋಮೀಟರಿನಲ್ಲಿ ಪಲ್ಸ್ ಸುಮಾರು 600 ಪಿಕೊಸೆಕೆಂಡಿಗೆ ಹರಡಿಹೋಗುತ್ತದೆ. ಹರಡಿದ ಪಲ್ಸ್ ಹರಳಿನಲ್ಲಿ ಸಿಗ್ನಲ್ಲನ್ನೇ ಕೊಡದು. ಆದ್ದರಿಂದ ಪ್ರತಿ ಲಿಂಕಿಗೂ ಡಿಸ್ಪರ್ಷನ್ ಸರಿದೂಗಿಸುವ ಫೈಬರನ್ನು ಅಳೆದು ಕತ್ತರಿಸಿ ಬೆಸೆಯಬೇಕು. ಒಮ್ಮೆಗೆ ಸರಿಯಾಗುವುದಿಲ್ಲ. ಆಟೋಕೋರಿಲೇಟರಿನಲ್ಲಿ ಪಲ್ಸ್ ಅಗಲ ನೋಡುತ್ತ, ಹತ್ತಿಪ್ಪತ್ತು ಸೆಂಟಿಮೀಟರ್ ಕತ್ತರಿಸುತ್ತ, ಮತ್ತೆ ಬೆಸೆಯುತ್ತ ಹೋಗಬೇಕು. ಮೊದಲ ಅಳತೆಯಲ್ಲಿ ಒಂದಷ್ಟು ಉದ್ದವನ್ನೇ ಇಟ್ಟುಕೊಳ್ಳಿ, ಚಿಕ್ಕದಾದದ್ದನ್ನು ಬೆಳೆಸಲಾಗದು. ಸಾಮಾನ್ಯ ಫೈಬರಿನ ಧ್ರುವೀಕರಣ ಡಿಸ್ಪರ್ಷನ್ ಕೂಡ ಕಿಲೋಮೀಟರಿನ ವರ್ಗಮೂಲಕ್ಕೆ 0.1 ಪಿಕೊಸೆಕೆಂಡಿನಷ್ಟಿರಬಹುದು. 100 ಫೆಮ್ಟೊಸೆಕೆಂಡಿನ ಈ ಅಲೆದಾಟ ಸಹಿಸದು ಎಂದಾದರೆ ಧ್ರುವೀಕರಣ ಕಾಯುವ ಫೈಬರನ್ನೇ ಎಳೆಸಬೇಕು.

ತಿದ್ದುವ ಭಾಗಕ್ಕೆ ಎರಡು ಕೈ ಬೇಕು. ವೋಲ್ಟೇಜು ಕೊಟ್ಟಾಗ ಫೈಬರನ್ನು ಎಳೆಯುವ ಪಿಯೆಜೋ ಫೈಬರ್ ಸ್ಟ್ರೆಚರ್ ಚುರುಕಾಗಿ ಓಡುತ್ತದೆ, ಆದರೆ ಅದರ ವ್ಯಾಪ್ತಿ ಕೆಲವೇ ಪಿಕೊಸೆಕೆಂಡ್. ದಿನದ, ಋತುವಿನ ದೊಡ್ಡ ಸರಿತಕ್ಕೆ ಮೋಟರ್ ಇರುವ ಡಿಲೇ ಲೈನ್ ಬೇಕು. ಅದರ ಕನ್ನಡಿ ಒಂದು ಮಿಲಿಮೀಟರ್ ಸರಿದರೆ 6.7 ಪಿಕೊಸೆಕೆಂಡ್. ಹಾಗಾಗಿ 3.4 ಕಿಲೋಮೀಟರ್ ಲಿಂಕ್ 5 ಡಿಗ್ರಿ ತಾಳಬೇಕಾದರೆ ಸುಮಾರು 90 ಮಿಲಿಮೀಟರ್ ಓಟ ಬೇಕು. ಅಳೆದು ತಿದ್ದುವ ಈ ಸುತ್ತಿನ, ಅಂದರೆ ಲೂಪಿನ, ವೇಗಕ್ಕೂ ಮಿತಿಯಿದೆ: ಆ ಉದ್ದಕ್ಕೆ ಹೋಗಿಬರಲು 33 ಮೈಕ್ರೋಸೆಕೆಂಡ್, ಕೆಲವು ಕಿಲೋಹರ್ಟ್ಸ್ ಮೇಲಿನ ಕಂಪನವನ್ನು ಯಾವ ಲಿಂಕೂ ಅಳಿಸಲಾರದು. ಪಂಪು, ಫ್ಯಾನುಗಳಿಂದ ಫೈಬರನ್ನು ದೂರ ಎಳೆಸುವುದೇ ಅದಕ್ಕೆ ಮದ್ದು.

ಲಾಕ್ ತಪ್ಪಿ ಮತ್ತೆ ಹಿಡಿದಾಗ ಅದೇ ಜಾಗಕ್ಕೆ ಹಿಡಿದಿದೆಯೇ ಎಂದು ನೋಡಲೇಬೇಕು. ಪಲ್ಸ್‌ಗಳ ನಡುವಿನ ಅಂತರ 4.6 ನ್ಯಾನೋಸೆಕೆಂಡ್, 1.3 ಗಿಗಾಹರ್ಟ್ಸ್‌ಗೆ ಕಟ್ಟಿದ ಪ್ರಯೋಗದ ಲೇಸರಿಗೆ ಅದು 0.77 ನ್ಯಾನೋಸೆಕೆಂಡ್. ಪಕ್ಕದ ಪಲ್ಸಿಗೆ ಹಿಡಿದರೂ ಫೆಮ್ಟೊಸೆಕೆಂಡ್ ಜಿಟ್ಟರ್ ಅಚ್ಚುಕಟ್ಟಾಗೇ ಕಾಣುತ್ತದೆ, ಪ್ರಯೋಗ ಮಾತ್ರ ಖಾಲಿ.

ಲೂಪಿನ ಹೊರಗೆ ಉಳಿದದ್ದು

ಕ್ಯಾಟಲಾಗಿನ ಅಂಕಿ ಲೂಪಿನ ಒಳಗಿನದ್ದು. ಯಂತ್ರಕ್ಕೆ ತಟ್ಟುವುದು ಹೊರಗೆ ಉಳಿದದ್ದು. ಲಿಂಕ್ ಪೆಟ್ಟಿಗೆಯಿಂದ ಉಪಕರಣದವರೆಗೆ ಒಂದು ಮೀಟರ್ ಪ್ಯಾಚ್ ಕಾರ್ಡ್ ಸಡಿಲವಾಗಿ ನೇತಾಡಿದರೂ ಡಿಗ್ರಿಗೆ 34 ಫೆಮ್ಟೊಸೆಕೆಂಡ್. ಗಾಳಿಯ ತೇವ ಕೂಡ ಫೈಬರಿನ ಪ್ಲಾಸ್ಟಿಕ್ ಲೇಪವನ್ನು ಉಬ್ಬಿಸಿ ಗಾಜನ್ನು ಎಳೆಯುತ್ತದೆ, ತಾಪಮಾನ ಮಾತ್ರ ಕಾದವರಿಗೆ ಇದು ತಿಳಿಯುವುದು ಮಳೆ ಶುರುವಾದ ಮೇಲೆ. ಮುಖ್ಯ ಲೇಸರ್ ಮತ್ತು ವಿತರಣೆಯ ಮೇಜು ಇರುವ ಕೋಣೆಯಲ್ಲಿ ಡಿಗ್ರಿಯ ಹತ್ತನೇ ಒಂದು ಪಾಲಿನ ತಾಪಮಾನ, ಶೇಕಡಾ ಎರಡರೊಳಗಿನ ತೇವ ಕಾಯಲು ಆಗದಿದ್ದರೆ ಪಲ್ಸ್ ವ್ಯವಸ್ಥೆಗೆ ಹಾಕುವ ಹಣದ ಒಂದು ಪಾಲನ್ನು ಮೊದಲು ಆ ಕೋಣೆಗೇ ಹಾಕಿ.

ಬೆಳಕಿನಿಂದ ಮತ್ತೆ ಆರ್‌ಎಫ್ ತೆಗೆಯುವಲ್ಲಿ ಇನ್ನೊಂದು ಬಲೆ. ಫೋಟೋಡಯೋಡಿನ ಮೇಲೆ ಬೀಳುವ ಬೆಳಕಿನ ಬಲ ಬದಲಾದರೆ ಆರ್‌ಎಫ್ ಫೇಸೂ ಬದಲಾಗುತ್ತದೆ, ಮಿಲಿವ್ಯಾಟಿಗೆ ಒಂದರಿಂದ ಹತ್ತು ಪಿಕೊಸೆಕೆಂಡ್. ಒಂದು ಮಿಲಿವ್ಯಾಟಿನಲ್ಲಿ ಶೇಕಡಾ ಒಂದು ಕುಸಿದರೆ 10ರಿಂದ 100 ಫೆಮ್ಟೊಸೆಕೆಂಡ್ ಹೋಯಿತು. ಅದಕ್ಕಾಗಿ ಪಲ್ಸ್ ವ್ಯವಸ್ಥೆಗಳಲ್ಲಿ ಡಯೋಡನ್ನು ನೇರವಾಗಿ ನಂಬದೆ, ಆರ್‌ಎಫ್ ಮತ್ತು ಪಲ್ಸುಗಳನ್ನು ಎಲೆಕ್ಟ್ರೋ-ಆಪ್ಟಿಕ್ ಮಾಡ್ಯುಲೇಟರಿನಲ್ಲೇ ಹೋಲಿಸುವ ಫೇಸ್ ಡಿಟೆಕ್ಟರ್ ಹಾಕುತ್ತಾರೆ. ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ಆರ್‌ಎಫ್ ಹೋಗುವುದು ತಾಮ್ರದಲ್ಲೇ, ಲೇಸರ್ ಲಿಂಕು ಅಲ್ಲಲ್ಲಿ ಅದನ್ನು ತಿದ್ದಿ ನಿಲ್ಲಿಸುತ್ತದೆ.

ಹಾಗಾದರೆ ಯಾವುದನ್ನು?

ಶೇಖರಣಾ ವರ್ತುಲ ಅಥವಾ ಚಿಕಿತ್ಸೆಗೆ ಬಳಸುವ ಸಿಂಕ್ರೋಟ್ರಾನ್ ಆದರೆ ಈವೆಂಟ್ ಸಿಸ್ಟಮ್ ಮತ್ತು ಒಳ್ಳೆಯ ಕೋಆಕ್ಸ್ ಸಾಕು, ಫೆಮ್ಟೊಸೆಕೆಂಡ್ ಲೇಸರ್ ಕೊಳ್ಳುವ ಹಣವನ್ನು ಮಾಸ್ಟರ್ ಆಂದೋಲಕಕ್ಕೆ ಹಾಕಿ. ಹಲವು ಕಿಲೋಮೀಟರ್ ಹರಡಿದ ಪ್ರೋಟಾನ್ ಅಥವಾ ಅಯಾನ್ ಸಂಕೀರ್ಣಕ್ಕೆ ವೈಟ್ ರ‍್ಯಾಬಿಟ್. ಫ್ರೀ ಎಲೆಕ್ಟ್ರಾನ್ ಲೇಸರಿನ ಲಿನಾಕ್ ಸ್ಟೇಷನ್‌ಗಳಿಗೆ ನಿರಂತರ ಲೇಸರ್ ಲಿಂಕ್, ಅದೇ ಯಂತ್ರದ ಇಂಜೆಕ್ಟರ್ ಲೇಸರ್, ಬಂಚ್ ಮಾನಿಟರ್, ಪ್ರಯೋಗದ ಲೇಸರುಗಳಿಗೆ ಪಲ್ಸ್ ಲಿಂಕ್. ಟ್ರಿಯೆಸ್ಟೆಯ ಫರ್ಮಿ ಮತ್ತು ಸ್ವಿಟ್ಜರ್ಲೆಂಡಿನ ಸ್ವಿಸ್‌ಫೆಲ್ ಎರಡೂ ಹೀಗೆ ಬೆರೆಸಿಯೇ ಕಟ್ಟಿದವು. ಒಂದೇ ಪದ್ಧತಿಯನ್ನು ಎಲ್ಲ ತುದಿಗೂ ಎಳೆಯುವುದು ಅಚ್ಚುಕಟ್ಟಾಗಿ ಕಂಡರೂ ದುಡ್ಡಿಗೂ ನಿರ್ವಹಣೆಗೂ ಭಾರ.

ಯಾವುದನ್ನೇ ಆರಿಸಿ, ಒಪ್ಪಿಗೆ ಪರೀಕ್ಷೆಯನ್ನು ಕರಾರಿನಲ್ಲೇ ಬರೆಸಿ. ಒಂದೇ ಮೂಲದಿಂದ ಎರಡು ಸ್ವತಂತ್ರ ಲಿಂಕ್ ಒಂದೇ ತುದಿಗೆ ಎಳೆಸಿ, ಆ ತುದಿಯಲ್ಲಿ ಮೂರನೆಯ ಡಿಟೆಕ್ಟರಿನಿಂದ ಎರಡನ್ನೂ ಕನಿಷ್ಠ ಒಂದು ವಾರ ಹೋಲಿಸಬೇಕು. ಲಿಂಕಿನ ಸ್ವಂತ ಎರರ್ ಸಿಗ್ನಲ್ ಚಿಕ್ಕದಾಗಿದೆ ಎಂದು ತೋರಿಸುವುದು ಪರೀಕ್ಷೆಯಲ್ಲ, ಅದು ಲೂಪ್ ಓಡುತ್ತಿದೆ ಎಂಬುದಕ್ಕಷ್ಟೇ ಸಾಕ್ಷಿ.

ಕನೆಕ್ಟರ್‌ಗಳ ವಿಷಯದಲ್ಲಿ ಜಿಪುಣತನ ಬೇಡ. ಲೇಸರ್ ಲಿಂಕ್‌ಗಳಲ್ಲಿ 8 ಡಿಗ್ರಿ ಓರೆ ಮುಖದ ಎಪಿಸಿಯನ್ನೇ ಬಳಸಿ, ಸಾಧ್ಯವಾದಲ್ಲಿ ಕನೆಕ್ಟರ್ ಬಿಟ್ಟು ಬೆಸೆಯಿರಿ. ಹಸಿರು ಎಪಿಸಿಯನ್ನು ಓರೆಯಿಲ್ಲದ ಮುಖದ ನೀಲಿ ಯುಪಿಸಿಗೆ ಚುಚ್ಚಿದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ಕುಸಿಯುತ್ತದೆ. ಪ್ರತಿ ಸಲ ಸಿಕ್ಕಿಸುವ ಮುನ್ನ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒರೆಸಿ. 2011ರಲ್ಲಿ ಸರ್ನ್‌ನಿಂದ 730 ಕಿಲೋಮೀಟರ್ ದೂರದ ಗ್ರಾನ್ ಸಾಸ್ಸೋಗೆ ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ಬಂದವೆಂದು ಕಂಡಿತ್ತು. ಮುಖ್ಯ ಕಾರಣವಾಗಿ ಸಿಕ್ಕಿದ್ದು ಜಿಪಿಎಸ್ ಸಮಯವನ್ನು ನೆಲದಡಿಗೆ ಒಯ್ಯುವ 8.3 ಕಿಲೋಮೀಟರ್ ಫೈಬರಿನ ತುದಿಯ ಕನೆಕ್ಟರ್. ಅದು ಪೂರ್ತಿ ಒಳಗೆ ಕೂತಿರಲಿಲ್ಲ. ಬೆಳಕು ನಿಂತಿರಲಿಲ್ಲ, ಮಂದವಾಗಿತ್ತು ಅಷ್ಟೇ. ಹಾಗಾಗಿ ಡಯೋಡಿನ ಸಿಗ್ನಲ್ ಮಿತಿ ಮುಟ್ಟಲು ತಡವಾಗುತ್ತಿತ್ತು, ಯಾವ ಅಲಾರಮ್ಮೂ ಕೂಗಲಿಲ್ಲ. ಆದ್ದರಿಂದ ಪ್ರತಿ ಲಿಂಕಿಗೂ ತಲುಪಿದ ಬೆಳಕಿನ ಬಲ, ಸ್ಟ್ರೆಚರ್ ವೋಲ್ಟೇಜು, ಡಿಲೇ ಲೈನಿನ ಸ್ಥಾನ, ಕೋಣೆಯ ತಾಪ ಮತ್ತು ತೇವ, ಈ ಐದನ್ನೂ ಮೊದಲ ದಿನದಿಂದಲೇ ಆರ್ಕೈವ್‌ಗೆ ಹಾಕಿ. ಬಲ ಅರ್ಧ ಡೆಸಿಬಲ್ ಇಳಿದರೂ ಎಚ್ಚರಿಕೆ ಬರುವಂತೆ ಇಡಿ.